ಕೊಳವೆಯ ಆಚೆ ತುದಿ - ಗ್ಲಾಕೋಮಾ ಇಂಪ್ಲಾಂಟಿನ ನೂರು ವರ್ಷದ ಕಥೆ

ನಮ್ಮ ಒಂದೊಂದು ಕಣ್ಣಿನೊಳಗೂ ಒಂದು ಪುಟ್ಟ ಜಲಮಂಡಳಿ ಇದೆ ಅಂದರೆ ನಂಬುತ್ತೀರಾ? ನಾನು ಹೇಳುತ್ತಿರುವುದು ಕಣ್ಣೀರಿನ ವಿಷಯ ಅಲ್ಲ. ಕಣ್ಣೀರು ಕಣ್ಣಿನ ಹೊರಗಿನದು, ಅತ್ತಾಗ ಅಥವಾ ಈರುಳ್ಳಿ ಹೆಚ್ಚಿದಾಗ ಬರುವಂಥದ್ದು. ಇದು ಗುಡ್ಡೆಯ ಒಳಗೇ ಹುಟ್ಟಿ, ಒಳಗೇ ಹರಿದು ಹೋಗುವ ನೀರು. ಹೆಸರು ಆಕ್ವಿಯಸ್ ಹ್ಯೂಮರ್. ಕಣ್ಣಿನಲ್ಲಿ ಕಪ್ಪಾಗಿಯೋ ಕಂದಾಗಿಯೋ ಕಾಣುವ ಐರಿಸ್ ಇದೆಯಲ್ಲ, ಅದರ ಹಿಂದಿರುವ ಸಿಲಿಯರಿ ಬಾಡಿ ಅನ್ನುವ ಭಾಗ ಹಗಲು ರಾತ್ರಿ ಇದನ್ನು ತಯಾರು ಮಾಡುತ್ತಲೇ ಇರುತ್ತದೆ. ಎಷ್ಟು ಅಂತೀರಾ? ಎಚ್ಚರವಿರುವಾಗ ನಿಮಿಷಕ್ಕೆ ಸುಮಾರು 2.5 ಮೈಕ್ರೋಲೀಟರ್, ನಿದ್ದೆಯಲ್ಲಿ ಇನ್ನೂ ಕಮ್ಮಿ. ಇಡೀ ದಿನದ್ದನ್ನು ಹಿಡಿದಿಟ್ಟರೂ ಒಂದು ಟೀ ಚಮಚ ತುಂಬುವುದಿಲ್ಲ!

ಕಣ್ಣಿನ ಮುಂದಿನ ಗಾಜಿನಂಥ ಕಾರ್ನಿಯಾಗೆ ಮತ್ತು ಒಳಗಿನ ಲೆನ್ಸಿಗೆ ರಕ್ತನಾಳಗಳಿಲ್ಲ. ಇದ್ದಿದ್ದರೆ ಅವು ಪಾರದರ್ಶಕವಾಗಿ ಇರುತ್ತಿರಲಿಲ್ಲ. ಹಾಗಾಗಿ ಅವುಗಳಿಗೆ ಊಟ ತಲುಪಿಸುವುದು, ಕಸ ಹೊರಹಾಕುವುದು ಈ ನೀರಿನ ಕೆಲಸ. ಕೆಲಸ ಮುಗಿಸಿದ ನೀರು ಕಾರ್ನಿಯಾ ಮತ್ತು ಐರಿಸ್ ಸೇರುವ ಮೂಲೆಯಲ್ಲಿರುವ ಒಂದು ಜಾಲರಿಯ ಮೂಲಕ ಸೋಸಿ, ಶ್ಲೆಮ್ ಕಾಲುವೆ ಅನ್ನುವ ಸಣ್ಣ ನಾಳಕ್ಕೆ ಇಳಿದು ರಕ್ತಕ್ಕೆ ಸೇರಿಹೋಗುತ್ತದೆ. ಬರುವಷ್ಟೇ ಹೋಗುತ್ತಿದ್ದರೆ ಕಣ್ಣಿನ ಒತ್ತಡ ಪಾದರಸದ ಲೆಕ್ಕದಲ್ಲಿ 10ರಿಂದ 21 ಮಿಲಿಮೀಟರ್ ಒಳಗೆ ಇರುತ್ತದೆ. ಹೋಗುವ ದಾರಿ ಕಟ್ಟಿಕೊಂಡರೆ? ನೀರು ಬರುವುದಂತೂ ನಿಲ್ಲುವುದಿಲ್ಲ. ಒತ್ತಡ ಏರುತ್ತದೆ, ಕಣ್ಣಿನ ಹಿಂಭಾಗದಿಂದ ಮೆದುಳಿಗೆ ಹೋಗುವ ದೃಷ್ಟಿನರದ ಎಳೆಗಳು ಒಂದೊಂದಾಗಿ ಸಾಯತೊಡಗುತ್ತವೆ. ಇದೇ ಗ್ಲಾಕೋಮಾ. (ಒತ್ತಡ ಸರಿಯಾಗಿದ್ದೂ ನರ ಹಾಳಾಗುವ ಬಗೆಯೂ ಒಂದಿದೆ. ಆದರೆ ಅದಕ್ಕೂ ನಮ್ಮ ಕೈಲಿರುವ ಉಪಾಯ ಒತ್ತಡ ಇನ್ನಷ್ಟು ಇಳಿಸುವುದೇ.)

ಈ ಖಾಯಿಲೆಯ ಕೆಟ್ಟತನ ಇರುವುದು ಅದರ ಮೌನದಲ್ಲಿ. ಸಾಮಾನ್ಯವಾಗಿ ಕಾಣಿಸಿಕೊಳ್ಳುವ ಬಗೆಯಲ್ಲಿ ನೋವಿಲ್ಲ, ಕೆಂಪಾಗುವುದಿಲ್ಲ. ಮೊದಲು ಹೋಗುವುದು ಅಂಚಿನ ನೋಟ. ನಡುವಿನ ನೋಟ ಚೆನ್ನಾಗೇ ಇರುವುದರಿಂದ ಪೇಪರ್ ಓದುತ್ತೇವೆ, ಟೀವಿ ನೋಡುತ್ತೇವೆ, ಎಲ್ಲಾ ಸರಿಯಿದೆ ಅಂದುಕೊಳ್ಳುತ್ತೇವೆ. ಪೊರೆ ಬಂದರೆ ಆಪರೇಷನ್ ಮಾಡಿಸಿ ಮತ್ತೆ ನೋಡಬಹುದು. ಗ್ಲಾಕೋಮಾದಲ್ಲಿ ಹೋದದ್ದು ಹೋಯಿತು, ವಾಪಸ್ ಬರುವುದಿಲ್ಲ. 2010ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ ಭಾರತದಲ್ಲಿ 40 ದಾಟಿದವರಲ್ಲಿ ಸುಮಾರು 1.12 ಕೋಟಿ ಜನರಿಗೆ ಗ್ಲಾಕೋಮಾ ಇತ್ತು. ಅವರಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಇರಲಿಲ್ಲ.

ನಾನು ವೈದ್ಯನಲ್ಲ, ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಕೋಡ್ ಬರೆಯುವವನು. ನಮ್ಮ ದೊಡ್ಡಪ್ಪನ ಕಣ್ಣಿಗೆ ಹನಿ ಔಷಧಿ ಸಾಲದೆ, ಒಂದು ಆಪರೇಷನ್ನೂ ಫೇಲಾಗಿ, ಕೊನೆಗೆ ಒಂದು ಕೊಳವೆ ಹಾಕಿದರು. ಮನೆಗೆ ನೋಡಲು ಬಂದವರಿಗೆಲ್ಲ ಅವರು "ನನ್ನ ಕಣ್ಣೊಳಗೆ ನಲ್ಲಿ ಹಾಕಿದಾರಪ್ಪ" ಅಂತ ಹೇಳಿಕೊಳ್ಳುತ್ತಿದ್ದರು. ಆ ನಲ್ಲಿ ಏನು, ಯಾರು ಕಂಡುಹಿಡಿದರು ಅಂತ ಓದುತ್ತಾ ಹೋದೆ. ಓದುತ್ತಾ ಓದುತ್ತಾ ಇದು ವೈದ್ಯಕೀಯದ ಕಥೆ ಅನ್ನುವುದಕ್ಕಿಂತ ಒಂದು ಹಳೇ ಬಗ್ ಹುಡುಕಿದ ಕಥೆಯ ಹಾಗೆ ಕಂಡಿತು. ಅದೂ ಎಂಥ ಬಗ್ ಅಂತೀರಿ, ಎಲ್ಲರೂ ಅರವತ್ತು ವರ್ಷ ತಪ್ಪು ಫೈಲನ್ನೇ ತೆಗೆದು ನೋಡುತ್ತಿದ್ದರು!

ಸರಿ, ಮೊದಲಿನಿಂದ ಶುರು ಮಾಡೋಣ.

ಗ್ಲಾಕೋಮಾಕ್ಕೆ ಕೆಲಸ ಮಾಡುವ ಮೊದಲ ಆಪರೇಷನ್ ಮಾಡಿ ತೋರಿಸಿದವನು ಬರ್ಲಿನ್ನಿನ ಆಲ್ಬ್ರೆಕ್ಟ್ ಫಾನ್ ಗ್ರೇಫೆ. 1857ರಲ್ಲಿ ಆತ ಐರಿಸ್‌ನ ಒಂದು ಚೂರನ್ನು ಕತ್ತರಿಸಿ ತೆಗೆದರೆ ಕೆಲವು ಕಣ್ಣುಗಳಲ್ಲಿ ಒತ್ತಡ ಇಳಿಯುತ್ತದೆ ಅಂತ ಪ್ರಕಟಿಸಿದ. ಮೂಲೆಯ ದಾರಿ ಐರಿಸ್‌ನಿಂದಲೇ ಮುಚ್ಚಿಹೋದ ಕಣ್ಣುಗಳಿಗೆ ಇದು ವರವಾಯಿತು. ಆದರೆ ದಾರಿ ತೆರೆದೇ ಇದ್ದು, ಜಾಲರಿಯೇ ಕೆಟ್ಟಿದ್ದರೆ ಇದರಿಂದ ಪ್ರಯೋಜನ ಕಮ್ಮಿ. ಆಗ ಉಳಿದದ್ದು ಒಂದೇ ಯೋಚನೆ. ದೇವರು ಕೊಟ್ಟ ಮೋರಿ ಕಟ್ಟಿದೆ, ಹಾಗಾದರೆ ನಾವೇ ಬೇರೆ ತೂತು ಮಾಡೋಣ.

ಇಲ್ಲಿ ಕಥೆ ನಮ್ಮ ಪಕ್ಕದ ಊರಿಗೆ ಬರುತ್ತದೆ. ಮದರಾಸಿನ ಎಗ್ಮೋರಿನಲ್ಲಿರುವ ಸರ್ಕಾರಿ ಕಣ್ಣಿನ ಆಸ್ಪತ್ರೆ 1819ರಲ್ಲಿ ಶುರುವಾದದ್ದು, ಪ್ರಪಂಚದ ತೀರಾ ಹಳೆಯ ಕಣ್ಣಿನ ಆಸ್ಪತ್ರೆಗಳಲ್ಲಿ ಒಂದು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅಲ್ಲಿ ಸೂಪರಿಂಟೆಂಡೆಂಟ್ ಆಗಿದ್ದವನು ರಾಬರ್ಟ್ ಹೆನ್ರಿ ಎಲಿಯಟ್. 1909ರಲ್ಲಿ ಆತ ಟ್ರೆಫೈನ್ ಅನ್ನುವ ದುಂಡನೆಯ ಬಾಯಿಯ ಪುಟ್ಟ ಉಪಕರಣದಿಂದ ಕಪ್ಪುಗುಡ್ಡೆ ಬಿಳಿಗುಡ್ಡೆ ಸೇರುವ ಜಾಗದಲ್ಲಿ ಸುಮಾರು 2 ಮಿಲಿಮೀಟರ್ ಅಗಲದ ದುಂಡು ತೂತು ಕೊರೆದು, ಅದರ ಮೇಲೆ ಬಿಳಿಗುಡ್ಡೆಯ ಮೇಲಿನ ತೆಳುಪದರವನ್ನು ಮುಚ್ಚುವ ಆಪರೇಷನ್ ಶುರು ಮಾಡಿದ. ನೀರು ತೂತಿನಿಂದ ಹೊರಬಂದು ಆ ತೆಳುಪದರದ ಕೆಳಗೆ ಸಣ್ಣ ಗುಳ್ಳೆಯ ಹಾಗೆ ನಿಂತು, ಅಲ್ಲಿಂದ ಮೆಲ್ಲಗೆ ಹೀರಿಹೋಗುತ್ತದೆ. ಮದರಾಸಿನ ರೋಗಿಗಳ ಮೇಲೆ ಮಾಡಿದ ಈ ಕೆಲಸವನ್ನು ಆತ ಪುಸ್ತಕವಾಗಿ ಬರೆದ, ಅನೇಕ ವರ್ಷ ಪ್ರಪಂಚದ ಎಷ್ಟೋ ಕಡೆ ಇದೇ ಆಪರೇಷನ್ ನಡೆಯಿತು. (ಒಂದು ಉಪಕಥೆ: ಎಲಿಯಟ್ ಸಾಹೇಬರಿಗೆ ಜಾದೂವಿನ ಹುಚ್ಚೂ ಇತ್ತು. ಇಂಗ್ಲೆಂಡಿಗೆ ವಾಪಸ್ಸಾದ ಮೇಲೆ ಲಂಡನ್ನಿನ ಮ್ಯಾಜಿಕ್ ಸರ್ಕಲ್ಲಿನ ಒಂದು ಸಮಿತಿಗೆ ಅಧ್ಯಕ್ಷರಾಗಿ, ಹಗ್ಗ ತಾನೇ ಮೇಲೇರಿ ಹುಡುಗ ಮಾಯವಾಗುವ ಭಾರತದ ಜಾದೂ ಬರೀ ಕಟ್ಟುಕತೆ ಅಂತ ಹಟ ಹಿಡಿದು ವಾದಿಸಿದರು. ಮಾಡಿ ತೋರಿಸಿದವರಿಗೆ ಬಹುಮಾನವನ್ನೂ ಇಟ್ಟಿದ್ದರು. ಯಾರಿಗೂ ಸಿಗಲಿಲ್ಲ ಬಿಡಿ :-) )

ಆದರೆ ತೂತಿಗೆ ಎರಡು ತೊಂದರೆ. ದೊಡ್ಡದಾದರೆ ನೀರೆಲ್ಲಾ ಸೋರಿ ಕಣ್ಣು ಮೆತ್ತಗಾಗುತ್ತದೆ, ಗುಳ್ಳೆ ತೆಳ್ಳಗಾಗಿ ವರ್ಷಗಳ ನಂತರವೂ ಸೋಂಕು ಒಳಗೆ ಹೋಗಬಹುದು. ಇನ್ನೊಂದು ತೊಂದರೆ ಇದಕ್ಕಿಂತ ಮೂಲದ್ದು. ನಮ್ಮ ದೇಹ ತೂತನ್ನು ತೂತು ಅಂತ ನೋಡುವುದಿಲ್ಲ, ಗಾಯ ಅಂತ ನೋಡುತ್ತದೆ. ಗಾಯ ಕಂಡರೆ ಮಾಯಿಸುವುದು ಅದರ ಧರ್ಮ. ಕಾಲಿಗೆ ಪೆಟ್ಟಾದಾಗ ನಾವು ಬೇಗ ಮಾಯಲಿ ಅಂತ ಬೇಡಿಕೊಳ್ಳುತ್ತೇವಲ್ಲ, ಇಲ್ಲಿ ಉಲ್ಟಾ. ಇಲ್ಲಿ ಗಾಯ ಚೆನ್ನಾಗಿ ಮಾಯ್ದರೆ ಆಪರೇಷನ್ ಫೇಲ್!

ತೂತು ಮುಚ್ಚಿಕೊಳ್ಳುತ್ತದೆ ತಾನೇ, ಹಾಗಾದರೆ ಅದರೊಳಗೆ ಏನನ್ನಾದರೂ ತುರುಕಿ ಮುಚ್ಚದ ಹಾಗೆ ಮಾಡೋಣ ಅಂತ ಯಾರಿಗಾದರೂ ಹೊಳೆಯಲೇಬೇಕಿತ್ತು. ಎಲಿಯಟ್ಟನ ಆಪರೇಷನ್ನಿಗೂ ಸ್ವಲ್ಪ ಮುಂಚೆ, 1906ರ ಸುಮಾರಿಗೆ, ಫ್ರಾನ್ಸ್‌ನ ರೋಲೆ ಅನ್ನುವ ವೈದ್ಯ ಕುದುರೆ ಕೂದಲಿನ ಎಳೆಯೊಂದನ್ನು ಕಾರ್ನಿಯಾ ಮೂಲಕ ತೂರಿಸಿ ನೀರು ಹೊರಬರುವಂತೆ ಮಾಡಿದ. ಹೌದು, ಕುದುರೆ ಕೂದಲು! ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಕೂದಲಿನ ಗುಂಟ ನೀರು ಬರುತ್ತದೆ ಅನ್ನುವುದು ಲೆಕ್ಕ. 1912ರಲ್ಲಿ ಇಂಗ್ಲೆಂಡಿನ ಆರ್ಥರ್ ಜೊರಾಬ್ ರೇಷ್ಮೆ ದಾರ ಹಾಕಿದ, ಅದರ ಹೊರತುದಿಯನ್ನು ಬಯಲಿಗೆ ಬಿಡದೆ ತೆಳುಪದರದ ಕೆಳಗೆ ಬಚ್ಚಿಟ್ಟ. ಆಮೇಲೆ ಶುರುವಾಯಿತು ನೋಡಿ ಮೆರವಣಿಗೆ. 1925ರಲ್ಲಿ ಚಿನ್ನ. 1934ರಲ್ಲಿ ಪ್ಲಾಟಿನಂ ತಂತಿ. 1940ರ ದಶಕದಲ್ಲಿ ಮೆಗ್ನೀಷಿಯಂ. ನಡುವೆ ಟ್ಯಾಂಟಲಂ, ಗಾಜು, ರೋಗಿಯದೇ ದೇಹದ ಮೃದ್ವಸ್ಥಿ. ಅಕ್ಕಸಾಲಿಗರ ಅಂಗಡಿಯಲ್ಲಿ ಇರುವುದೆಲ್ಲ ಬಂದು ಹೋಯಿತು ಅನ್ನಿ. ಒಂದಷ್ಟು ದಿನ ಒತ್ತಡ ಇಳಿಯುತ್ತಿತ್ತು, ಆಮೇಲೆ ಮತ್ತೆ ಏರುತ್ತಿತ್ತು. ಕೆಲವು ಜರುಗಿಹೋದವು, ಕೆಲವು ಮೇಲಿನ ಪದರವನ್ನು ಕೊರೆದುಕೊಂಡು ಹೊರಬಂದವು.

ಎರಡನೇ ಮಹಾಯುದ್ಧದ ನಂತರ ಪ್ಲಾಸ್ಟಿಕ್ಕಿನ ಕಾಲ. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಅಕ್ರಿಲಿಕ್ಕಿನ ಲೆನ್ಸನ್ನು ಕಣ್ಣೊಳಗೆ ಕೂರಿಸಿದ ಮೇಲೆ, ಕೆಲವು ಪ್ಲಾಸ್ಟಿಕ್ಕುಗಳನ್ನು ಕಣ್ಣು ತಕರಾರಿಲ್ಲದೆ ಸಹಿಸುತ್ತದೆ ಅನ್ನುವ ಧೈರ್ಯ ಬಂತು. ಗ್ಲಾಕೋಮಾಕ್ಕೂ ಪಾಲಿಥೀನ್ ಕೊಳವೆ, ಅಕ್ರಿಲಿಕ್ ಪಟ್ಟಿ, ಸಿಲಿಕೋನ್ ಕೊಳವೆ ಎಲ್ಲವೂ ಬಂದವು. ಕುದುರೆ ಕೂದಲಿನಿಂದ ಸಿಲಿಕೋನ್‌ವರೆಗೆ ಅರವತ್ತು ವರ್ಷ. ವಸ್ತು ಬದಲಾಯಿತು, ಫಲಿತಾಂಶ ಹೆಚ್ಚುಕಡಿಮೆ ಅದೇ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಈ ಎಲ್ಲರೂ ಒಂದೇ ಪ್ರಶ್ನೆ ಕೇಳಿಕೊಂಡಿದ್ದರು. ತೂತು ಮುಚ್ಚದ ಹಾಗೆ ಇಡಲು ಯಾವ ವಸ್ತು ಒಳ್ಳೆಯದು? ಬಚ್ಚಲ ನೀರು ಹೋಗದಿದ್ದಾಗ ನಾವು ಮಾಡುವುದೂ ಇದನ್ನೇ. ಮೋರಿಯ ಬಾಯಿಗೆ ಕಡ್ಡಿ ಹಾಕಿ ಕೆದಕುತ್ತೇವೆ. ಬಾಯಿ ಕ್ಲೀನಾಗಿದೆ, ಪೈಪೂ ಸರಿಯಿದೆ, ಆದರೂ ನೀರು ಹೋಗುತ್ತಿಲ್ಲ. ಯಾಕೆ? ಹಿತ್ತಲಲ್ಲಿರುವ ಇಂಗುಗುಂಡಿ ಹೂತುಹೋಗಿದೆ! ಕಣ್ಣಿನಲ್ಲೂ ಆಗುತ್ತಿದ್ದದ್ದು ಅದೇ. ಫೇಲಾದ ಎಷ್ಟೋ ಕಣ್ಣುಗಳಲ್ಲಿ ಕೊಳವೆಯ ಒಳತುದಿ ತೆರೆದೇ ಇತ್ತು. ಹೊರತುದಿಯ ಸುತ್ತ, ತೆಳುಪದರದ ಕೆಳಗೆ, ಗಾಯ ಮಾಯುವಾಗ ಬೆಳೆಯುವ ನಾರಿನಂಥ ಅಂಗಾಂಶ ಬಿಗಿಯಾಗಿ ಕಟ್ಟಿಕೊಂಡು ಬಾಯಿ ಮುಚ್ಚಿತ್ತು. ನೀರಿಗೆ ಕೊಳವೆಯಿಂದ ಹೊರಬರಲು ದಾರಿ ಇತ್ತು, ಬಂದ ಮೇಲೆ ಹೋಗಲು ಜಾಗ ಇರಲಿಲ್ಲ.

ಇದನ್ನು ಸರಿಯಾಗಿ ಹಿಡಿದವರು ದಕ್ಷಿಣ ಆಫ್ರಿಕಾದ ಆಂಟನಿ ಮೊಲ್ಟೆನೋ. ಮುಂದೆ ನ್ಯೂಜಿಲೆಂಡಿನ ಡ್ಯುನೆಡಿನ್ನಿಗೆ ಹೋಗಿ ಒಟಾಗೊ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದವರು. 1969ರಲ್ಲಿ ಪ್ರಕಟಿಸಿದ ಅವರ ಇಂಪ್ಲಾಂಟಿನಲ್ಲಿ ಕೊಳವೆ ಮಾಮೂಲಿಯೇ. ಹೊಸದು ಅಂದರೆ ಅದರ ಹೊರತುದಿಗೆ ಅಂಟಿಸಿದ್ದ ಒಂದು ಪುಟ್ಟ ತಟ್ಟೆ. ಉಪಾಯ ಎಷ್ಟು ಸರಳ ನೋಡಿ. ದೇಹ ನಾರು ಕಟ್ಟುವುದನ್ನು ನಿಲ್ಲಿಸಲು ಆಗುವುದಿಲ್ಲ. ಸರಿ, ಕಟ್ಟಲಿ. ಆದರೆ ಎಲ್ಲಿ, ಎಷ್ಟು ಅಗಲಕ್ಕೆ ಕಟ್ಟಬೇಕು ಅನ್ನುವುದನ್ನು ನಾವು ತೀರ್ಮಾನಿಸೋಣ. ತಟ್ಟೆ ಇದ್ದರೆ ನಾರು ಅದರ ಸುತ್ತ ಒಂದು ಚೀಲದ ಹಾಗೆ ಬೆಳೆಯುತ್ತದೆ. ಪ್ಲಾಸ್ಟಿಕ್ಕಿಗೆ ಅಂಟುವುದಿಲ್ಲ, ಆದ್ದರಿಂದ ತಟ್ಟೆಗೂ ಚೀಲಕ್ಕೂ ನಡುವೆ ಜಾಗ ಉಳಿಯುತ್ತದೆ. ಕೊಳವೆಯಿಂದ ಬಂದ ನೀರು ಆ ಜಾಗದಲ್ಲಿ ತುಂಬಿ, ಚೀಲದ ಗೋಡೆಯ ಮೂಲಕ ಜಿನುಗಿ ಸುತ್ತಲಿನ ರಕ್ತನಾಳಗಳಿಗೆ ಹೋಗುತ್ತದೆ. ಅಂದರೆ ಇಂಗುಗುಂಡಿ! ಅರವತ್ತು ವರ್ಷ ಯಾವ ಗಾಯದ ಕಲೆಯನ್ನು ಶತ್ರು ಅಂತ ಬೈದರೋ ಅದನ್ನೇ ಗುಂಡಿಯ ಗೋಡೆ ಮಾಡಿಕೊಂಡರು.

ಮೊದಲ ಮಾದರಿಯಲ್ಲಿ ತಟ್ಟೆ ಕಪ್ಪುಗುಡ್ಡೆಯ ಪಕ್ಕದಲ್ಲೇ ಇತ್ತು, ಅಲ್ಲಿ ಗುಳ್ಳೆ ಎದ್ದು ತೊಂದರೆ ಕೊಡುತ್ತಿತ್ತು. 1973ರ ಹೊತ್ತಿಗೆ ಅವರು ಕೊಳವೆಯನ್ನು ಉದ್ದ ಮಾಡಿ ತಟ್ಟೆಯನ್ನು ಹಿಂದಕ್ಕೆ, ಕಣ್ಣು ಆಡಿಸುವ ಸ್ನಾಯುಗಳ ನಡುವಿನ ಜಾಗಕ್ಕೆ ತಳ್ಳಿದರು. ತಟ್ಟೆಯ ಅಡ್ಡಗಲ 13 ಮಿಲಿಮೀಟರ್, ವಿಸ್ತೀರ್ಣ ಸುಮಾರು 135 ಚದರ ಮಿಲಿಮೀಟರ್. ಆಮೇಲೆ ಬಂದ ಇಂಪ್ಲಾಂಟುಗಳಲ್ಲಿ ದೊಡ್ಡ ಪಾಲು ಈ ನಕ್ಷೆಯ ಮೇಲೇ ನಿಂತಿದೆ. ಮುಂದೆ ಕೊಳವೆ, ಹಿಂದೆ ತಟ್ಟೆ.

ಇದೇ ಸುಮಾರಿಗೆ ಕೊಳವೆ ಇಲ್ಲದ ಆಪರೇಷನ್ನೂ ಸುಧಾರಿಸಿತು. 1968ರಲ್ಲಿ ಕೇಂಬ್ರಿಜ್ಜಿನ ಜಾನ್ ಕೇರ್ನ್ಸ್ ಪ್ರಕಟಿಸಿದ ಟ್ರೆಬೆಕ್ಯುಲೆಕ್ಟಮಿಯಲ್ಲಿ ತೂತಿನ ಮೇಲೆ ಬಿಳಿಗುಡ್ಡೆಯದೇ ಒಂದು ಅರೆಬಾಗಿಲು ಮುಚ್ಚುತ್ತಾರೆ, ಹಾಗಾಗಿ ಎಲಿಯಟ್ಟನ ತೂತಿನಂತೆ ಒಮ್ಮೆಗೇ ಸೋರುವುದಿಲ್ಲ. ಇದು ಇವತ್ತಿಗೂ ಗ್ಲಾಕೋಮಾದ ಮುಖ್ಯ ಆಪರೇಷನ್ನುಗಳಲ್ಲಿ ಒಂದು. ಇಲ್ಲಿಯೂ ಮಾಯುವುದೇ ಶತ್ರು. ಎಷ್ಟರಮಟ್ಟಿಗೆ ಅಂದರೆ 1980ರ ದಶಕದಿಂದ ಕ್ಯಾನ್ಸರ್ ಔಷಧಿಯಾದ ಮೈಟೋಮೈಸಿನ್-ಸಿ ಅನ್ನು ಆಪರೇಷನ್ ಜಾಗಕ್ಕೆ ಕೆಲವು ನಿಮಿಷ ತಾಗಿಸಿ, ಗಾಯ ಮಾಯದ ಹಾಗೆ ನೋಡಿಕೊಳ್ಳುವ ಪದ್ಧತಿ ಬಂತು.

ಮತ್ತೆ ಕೊಳವೆಗೆ ಬರೋಣ. ಮೊಲ್ಟೆನೋ ಬಗೆಹರಿಸಿದ್ದು ದೀರ್ಘಕಾಲದ ಸಮಸ್ಯೆ. ಆದರೆ ಆಪರೇಷನ್ ಆದ ಮೊದಲ ಕೆಲವು ವಾರ ಏನು ಗತಿ? ಚೀಲ ಇನ್ನೂ ಕಟ್ಟಿರುವುದಿಲ್ಲ. ಇಲ್ಲಿ ಎಂಜಿನಿಯರಿಂಗ್ ಓದಿದವರಿಗೆ ನೆನಪಿರಬಹುದಾದ ಪ್ವಾಝೈ ಸೂತ್ರ ಬರುತ್ತದೆ. ಕೊಳವೆಯ ತಡೆ ಅದರ ಉದ್ದಕ್ಕೆ ತಕ್ಕಂತೆ ಏರುತ್ತದೆ, ಒಳ ಅಗಲದ ನಾಲ್ಕನೇ ಘಾತಕ್ಕೆ ತಕ್ಕಂತೆ ಇಳಿಯುತ್ತದೆ. ಅಗಲ ಅರ್ಧ ಮಾಡಿದರೆ ತಡೆ 16 ಪಟ್ಟು. ಇಂಪ್ಲಾಂಟಿನ ಕೊಳವೆಯ ಒಳ ಅಗಲ ಸುಮಾರು 0.3 ಮಿಲಿಮೀಟರ್. ನಮ್ಮ ಕಣ್ಣಿಗೆ ಚಿಕ್ಕದು, ಆದರೆ ನಿಮಿಷಕ್ಕೆ 2.5 ಮೈಕ್ರೋಲೀಟರ್ ಹರಿಯುವ ನೀರಿಗೆ ಅದು ರಾಜಮಾರ್ಗ, ತಡೆ ಇಲ್ಲವೇ ಇಲ್ಲ ಅನ್ನಬಹುದು. ಹಾಗಾಗಿ ಚೀಲ ಕಟ್ಟುವ ಮುಂಚೆ ಬಿಟ್ಟರೆ ನೀರೆಲ್ಲಾ ಹೊರಟು ಕಣ್ಣು ಗಾಳಿ ಬಿಟ್ಟ ಚೆಂಡಿನಂತೆ ಮೆತ್ತಗಾಗುತ್ತದೆ. ಒತ್ತಡ ಜಾಸ್ತಿಯಾದರೆ ನರಕ್ಕೆ ಅಪಾಯ, ತೀರಾ ಕಮ್ಮಿಯಾದರೆ ಕಣ್ಣಿನ ಒಳಪದರಗಳೇ ಕಳಚಿ ರಕ್ತಸ್ರಾವ ಆಗುವ ಅಪಾಯ.

ಇದಕ್ಕೆ ಎರಡು ಬಗೆಯ ಉತ್ತರ ಬಂದವು. ಮೊದಲನೆಯದು ತಾಳ್ಮೆಯ ಉತ್ತರ. ಮೊಲ್ಟೆನೋ ಒಂದೇ ಸಲಕ್ಕೆ ಮುಗಿಸದೆ ಎರಡು ಆಪರೇಷನ್ ಮಾಡುತ್ತಿದ್ದರು. ಮೊದಲು ತಟ್ಟೆ ಮಾತ್ರ, ಕೆಲವು ವಾರ ಬಿಟ್ಟು ಚೀಲ ಕಟ್ಟಿದ ಮೇಲೆ ಕೊಳವೆಯನ್ನು ಕಣ್ಣೊಳಗೆ ಇಡುವುದು. 1980ರ ದಶಕದಲ್ಲಿ ಇದಕ್ಕಿಂತ ಚೆಂದದ ಉಪಾಯ ಸಿಕ್ಕಿತು. ಕೊಳವೆಯನ್ನು ತಾನಾಗೇ ಕರಗುವ ಹೊಲಿಗೆ ದಾರದಿಂದ ಬಿಗಿಯಾಗಿ ಕಟ್ಟಿಬಿಡುವುದು. ನಾಲ್ಕರಿಂದ ಆರು ವಾರಕ್ಕೆ ದಾರ ಕರಗುತ್ತದೆ, ಅಷ್ಟರಲ್ಲಿ ಚೀಲ ತಯಾರಾಗಿರುತ್ತದೆ, ಕೊಳವೆ ತೆರೆದುಕೊಳ್ಳುತ್ತದೆ. ನಾವು ಕೋಡಿನಲ್ಲಿ ಟೈಮರ್ ಇಡುತ್ತೇವಲ್ಲ, ಹಾಗೆ. ಬ್ಯಾಟರಿ ಇಲ್ಲ, ಚಿಪ್ ಇಲ್ಲ, ಒಂದು ತುಂಡು ದಾರ ಅಷ್ಟೇ.

ಎರಡನೆಯದು ವಾಲ್ವಿನ ಉತ್ತರ. 1976ರಲ್ಲಿ ಅಮೆರಿಕದ ಥಿಯೋಡರ್ ಕ್ರೂಪಿನ್ ಮತ್ತು ಜೊತೆಗಾರರು ಕೊಳವೆಯ ತುದಿಗೆ ಸೀಳು ಬಿಟ್ಟು, ಒಂದು ಮಟ್ಟದ ಒತ್ತಡ ದಾಟಿದಾಗ ಮಾತ್ರ ಅದು ಬಿಡುವಂತೆ ಮಾಡಿದರು. ಜಾಣತನದ ಕೆಲಸವೇ, ಆದರೆ ಮೊದಲ ಮಾದರಿಗೆ ತಟ್ಟೆ ಇರಲಿಲ್ಲ! ವಾಲ್ವ್ ಸರಿಯಾಗಿದ್ದರೂ ಅದರ ಹೊರಗೆ ನಾರು ಕಟ್ಟಿತು. ಮುಂದಿನ ಮಾದರಿಗಳಿಗೆ ಅವರೂ ತಟ್ಟೆ ಸೇರಿಸಬೇಕಾಯಿತು. ಆಚೆ ತುದಿಯನ್ನು ಮರೆತರೆ ಈಚೆ ತುದಿಯ ಬುದ್ಧಿವಂತಿಕೆ ಉಪಯೋಗಕ್ಕೆ ಬರುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ವಾಲ್ವ್ ಮತ್ತು ತಟ್ಟೆ ಎರಡನ್ನೂ ಸೇರಿಸಿ ಗೆದ್ದದ್ದು ಕ್ಯಾಲಿಫೋರ್ನಿಯಾದ ಮತೀನ್ ಅಹ್ಮದ್ ಅವರ ಇಂಪ್ಲಾಂಟ್. ಬಂದದ್ದು 1993ರಲ್ಲಿ. ತಟ್ಟೆಯ ಮೇಲೆ ಒಂದು ಪುಟ್ಟ ಕೋಣೆ, ಅದರಲ್ಲಿ ಬಿಗಿಯಾಗಿ ಎಳೆದು ಹಿಡಿದ ಎರಡು ತೆಳ್ಳನೆ ಸಿಲಿಕೋನ್ ಹಾಳೆಗಳು. ಒತ್ತಡ 8ರಿಂದ 12 ಮಿಲಿಮೀಟರ್ ಸುಮಾರಿಗೆ ಬಂದಾಗ ಹಾಳೆಗಳ ನಡುವೆ ಸಂದು ಬಿಡುತ್ತದೆ, ಇಳಿದರೆ ಮುಚ್ಚಿಕೊಳ್ಳುತ್ತದೆ. ಹೊಸ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಕಣ್ಣಿಗೆ ಇಡುವ ಮುಂಚೆ ಸರ್ಜನ್ ಸಿರಿಂಜಿನಿಂದ ನೀರು ಹಾಯಿಸಿ ಬಿಡಿಸಲೇಬೇಕು. ಈ ಒಂದು ಹೆಜ್ಜೆ ಮರೆತರೆ ಕಥೆ ಮುಗಿಯಿತು. ಅತ್ತ ಜಾರ್ಜ್ ಬೇರ್‌ವೆಲ್ಟ್ 1990ರ ಸುಮಾರಿಗೆ ತಂದ ಇಂಪ್ಲಾಂಟಿನಲ್ಲಿ ವಾಲ್ವ್ ಇಲ್ಲ, ಬದಲಿಗೆ ತಟ್ಟೆ ದೊಡ್ಡದು. ಅಹ್ಮದ್ ಅವರದ್ದು 184 ಚದರ ಮಿಲಿಮೀಟರ್ ಆದರೆ ಇದು 350. ಹೆಚ್ಚುಕಡಿಮೆ ಒಂದು ರೂಪಾಯಿ ನಾಣ್ಯದಷ್ಟು ಜಾಗ! ಕಣ್ಣಿನ ಗುಡ್ಡೆಯ ಬಾಗಿಗೆ ಒಗ್ಗುವಂತೆ ಬಳುಕುವ ಸಿಲಿಕೋನಿನಲ್ಲಿ ಮಾಡಿ ಸ್ನಾಯುಗಳ ಕೆಳಗೆ ತೂರಿಸುತ್ತಾರೆ. ಗುಂಡಿ ದೊಡ್ಡದಾದಷ್ಟೂ ಒಳ್ಳೆಯದು ಅಂತ 500 ಚದರ ಮಿಲಿಮೀಟರಿನದ್ದನ್ನೂ ಮಾಡಿ ನೋಡಿದರು. ಅದರಿಂದ ಹೆಚ್ಚಿನ ಲಾಭವೇನೂ ಆಗಲಿಲ್ಲ, ಕೈಬಿಟ್ಟರು.

ವಾಲ್ವ್ ಮೇಲೋ ದೊಡ್ಡ ತಟ್ಟೆ ಮೇಲೋ? ಈ ಜಗಳಕ್ಕೆ ನಿಜವಾದ ಪರೀಕ್ಷೆ ನಡೆಯಿತು. 276 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಐದು ವರ್ಷ ನೋಡಿದರು, ಫಲಿತಾಂಶ 2015ರಲ್ಲಿ ಬಂತು. 31ರ ಆಸುಪಾಸಿನಲ್ಲಿದ್ದ ಒತ್ತಡ ಅಹ್ಮದ್ ಗುಂಪಿನಲ್ಲಿ ಸರಾಸರಿ 14.7ಕ್ಕೆ, ಬೇರ್‌ವೆಲ್ಟ್ ಗುಂಪಿನಲ್ಲಿ 12.7ಕ್ಕೆ ಇಳಿದಿತ್ತು. ದೊಡ್ಡ ಗುಂಡಿ ಹೆಚ್ಚು ಇಂಗಿಸಿತು. ಆದರೆ ಕಣ್ಣು ತೀರಾ ಮೆತ್ತಗಾಗಿ ಕೆಡುವ ಪ್ರಮಾಣ ವಾಲ್ವ್ ಇದ್ದವರಲ್ಲಿ ಕಮ್ಮಿ. ಒಟ್ಟು ಸೋಲು ನೋಡಿದರೆ 44.7 ಮತ್ತು 39.4 ಶೇಕಡಾ, ಅಂಥ ವ್ಯತ್ಯಾಸ ಇಲ್ಲ. ಈ ಅಂಕಿಯನ್ನು ಇನ್ನೊಮ್ಮೆ ಓದಿ. ಒಳ್ಳೆಯ ಸರ್ಜನ್ನರು ಒಳ್ಳೆಯ ಇಂಪ್ಲಾಂಟ್ ಹಾಕಿದರೂ ಐದು ವರ್ಷದಲ್ಲಿ ಹತ್ತರಲ್ಲಿ ನಾಲ್ಕು ಸೋಲುತ್ತವೆ. ಇವು ಬೇರೆ ದಾರಿ ಇಲ್ಲದ ಕಷ್ಟದ ಕಣ್ಣುಗಳು ಅನ್ನುವುದನ್ನೂ ನೆನಪಿಡಬೇಕು.

ಇನ್ನೊಂದು ಪರೀಕ್ಷೆಯಲ್ಲಿ, ಮುಂಚೆ ಒಮ್ಮೆ ಕಣ್ಣಿನ ಆಪರೇಷನ್ ಆಗಿದ್ದ 212 ರೋಗಿಗಳಲ್ಲಿ ಟ್ರೆಬೆಕ್ಯುಲೆಕ್ಟಮಿ ಮತ್ತು ಬೇರ್‌ವೆಲ್ಟ್ ಕೊಳವೆಯನ್ನು ಹೋಲಿಸಿದರು. 2012ರಲ್ಲಿ ಬಂದ ಐದು ವರ್ಷದ ಲೆಕ್ಕದಲ್ಲಿ ಸೋಲು ಟ್ರೆಬೆಕ್ಯುಲೆಕ್ಟಮಿಯಲ್ಲಿ 46.9 ಶೇಕಡಾ, ಕೊಳವೆಯಲ್ಲಿ 29.8. ಬೇರೆ ಏನೂ ನಡೆಯದಾಗ ಕೊನೆಯದಾಗಿ ಹಾಕುವುದು ಅಂತ ಹೆಸರಾಗಿದ್ದ ಕೊಳವೆಗೆ ಇದರಿಂದ ಬಡ್ತಿ ಸಿಕ್ಕಿತು. ಹಾಗಂತ ಎಲ್ಲರಿಗೂ ಕೊಳವೆಯೇ ಮೇಲು ಅಂತಲ್ಲ. ಮುಂಚೆ ಆಪರೇಷನ್ನೇ ಆಗದ ಕಣ್ಣುಗಳಲ್ಲಿ ಇದೇ ಬಗೆಯ ಪರೀಕ್ಷೆ ಮಾಡಿದಾಗ ಮೊದಲ ವರ್ಷ ಗೆದ್ದದ್ದು ಟ್ರೆಬೆಕ್ಯುಲೆಕ್ಟಮಿ.

ಎಲ್ಲಾ ಸರಿ, ದುಡ್ಡು? ಅಮೆರಿಕದಿಂದ ಬರುವ ಇಂಪ್ಲಾಂಟಿನ ಬೆಲೆ ನೂರಾರು ಡಾಲರ್. ಇಷ್ಟು ಚಿಕ್ಕ ಸಿಲಿಕೋನ್ ತುಂಡಿಗಾಗಿ ನಮ್ಮಲ್ಲಿ ಎಷ್ಟೋ ಜನ ಕಣ್ಣು ಕಳೆದುಕೊಳ್ಳಬೇಕಾ ಅನ್ನುವ ಪ್ರಶ್ನೆಗೆ ಉತ್ತರ ಬಂದದ್ದು ಮಧುರೆಯಿಂದ. ಎಲಿಯಟ್ ಇದ್ದ ಅದೇ ಮದರಾಸಿನ ಆಸ್ಪತ್ರೆಯಲ್ಲಿ ಕಣ್ಣಿನ ವೈದ್ಯ ಕಲಿತವರು ಡಾ. ಜಿ. ವೆಂಕಟಸ್ವಾಮಿ. ಸಂಧಿವಾತದಿಂದ ಸೊಟ್ಟಗಾದ ಬೆರಳುಗಳಲ್ಲೇ ಸಾವಿರಾರು ಪೊರೆ ಆಪರೇಷನ್ ಮಾಡಿದವರು. ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ, 1976ರಲ್ಲಿ, 11 ಹಾಸಿಗೆಗಳ ಅರವಿಂದ್ ಆಸ್ಪತ್ರೆ ಶುರು ಮಾಡಿದರು. ಅದರ ಕಾರ್ಖಾನೆ ಅರೋಲ್ಯಾಬ್ 1992ರಲ್ಲಿ ಪೊರೆ ಆಪರೇಷನ್ನಿನ ಲೆನ್ಸ್ ತಯಾರಿಕೆಗೆ ಇಳಿದು, ಬೆಲೆಯನ್ನು 10 ಡಾಲರ್ ಆಸುಪಾಸಿಗೆ ತಂದಿತು. ಅದೇ ಅರೋಲ್ಯಾಬ್ 2013ರಲ್ಲಿ ಬೇರ್‌ವೆಲ್ಟ್ ನಕ್ಷೆಯನ್ನು ಅನುಸರಿಸಿ ಗ್ಲಾಕೋಮಾ ಇಂಪ್ಲಾಂಟ್ ತಂದಿತು. ತಟ್ಟೆ ಅದೇ 350 ಚದರ ಮಿಲಿಮೀಟರ್, ವಾಲ್ವ್ ಇಲ್ಲ, ಕರಗುವ ದಾರದ ಕಟ್ಟು. ಬೆಲೆ ಸುಮಾರು 50 ಡಾಲರ್! ವಾಲ್ವ್ ಇಲ್ಲದ ಸರಳ ನಕ್ಷೆ ಇಲ್ಲಿ ಉಪಕಾರಕ್ಕೆ ಬಂತು ಅಂತ ನನಗನ್ನಿಸುತ್ತದೆ. ಬಿಗಿಯಾಗಿ ಎಳೆದ ಸೂಕ್ಷ್ಮ ಹಾಳೆಗಳಿಲ್ಲದ ವಸ್ತುವನ್ನು ಮಾಡುವುದೂ ಅಗ್ಗ, ಪರೀಕ್ಷಿಸುವುದೂ ಸುಲಭ.

ಈಚಿನ ಕಥೆ ಇನ್ನೂ ಚಿಕ್ಕ ಗಾತ್ರದ್ದು. ಅಮೆರಿಕದಲ್ಲಿ 2012ರಲ್ಲಿ ಒಪ್ಪಿಗೆ ಪಡೆದ ಐಸ್ಟೆಂಟ್ ಬರೀ 1 ಮಿಲಿಮೀಟರ್ ಉದ್ದದ ಟೈಟಾನಿಯಂ ಕೊಳವೆ. ಇದು ಹೊಸ ದಾರಿ ಮಾಡುವುದಿಲ್ಲ, ಕೆಟ್ಟ ಜಾಲರಿಯನ್ನು ತೂರಿ ಹಳೆಯ ಶ್ಲೆಮ್ ಕಾಲುವೆಗೇ ಸೇರಿಸುತ್ತದೆ. ಹೊರತುದಿಯ ನಾರಿನ ತಾಪತ್ರಯ ಇಲ್ಲ, ಆದರೆ ಒತ್ತಡ ಇಳಿಸುವುದೂ ಅಷ್ಟಕ್ಕಷ್ಟೇ. 2016ರಲ್ಲಿ ಒಪ್ಪಿಗೆ ಪಡೆದ ಜೆನ್ ಅನ್ನುವುದು 6 ಮಿಲಿಮೀಟರ್ ಉದ್ದದ ಜೆಲಟಿನ್ ಎಳೆ, ಒಳ ಅಗಲ 45 ಮೈಕ್ರಾನ್. ಪ್ವಾಝೈ ಸೂತ್ರ ಹಾಕಿ ನೋಡಿ, ಅಷ್ಟೇ ಉದ್ದದ 0.3 ಮಿಲಿಮೀಟರ್ ಕೊಳವೆಗಿಂತ ತಡೆ ಸುಮಾರು 2000 ಪಟ್ಟು. ವಾಲ್ವೂ ಬೇಡ, ದಾರವೂ ಬೇಡ, ಅಗಲವೇ ತಡೆ. ಭೇಷ್! ಆದರೆ ಇದಕ್ಕೆ ತಟ್ಟೆ ಇಲ್ಲ. ಹೊರತುದಿ ಇರುವುದು ಅದೇ ತೆಳುಪದರದ ಕೆಳಗೆ, ಜೊರಾಬನ ರೇಷ್ಮೆ ದಾರ ಇದ್ದಲ್ಲಿ. ಹಾಗಾಗಿ ಸಾಮಾನ್ಯವಾಗಿ ಮೈಟೋಮೈಸಿನ್ ಬೇಕು, ಎಷ್ಟೋ ಸಲ ಆಮೇಲೆ ಸೂಜಿಯಿಂದ ನಾರು ಬಿಡಿಸಬೇಕಾಗುತ್ತದೆ.

ಸೈಪಾಸ್ ಅನ್ನುವ ಇನ್ನೊಂದು ಪುಟ್ಟ ಇಂಪ್ಲಾಂಟಿನ ಕಥೆ ನಮ್ಮಂಥವರು ಗೋಡೆಗೆ ಬರೆದು ಅಂಟಿಸಿಕೊಳ್ಳಬೇಕಾದ್ದು. ಎರಡು ವರ್ಷದ ಪರೀಕ್ಷೆ ಚೆನ್ನಾಗಿ ಮುಗಿದು 2016ರಲ್ಲಿ ಒಪ್ಪಿಗೆ ಸಿಕ್ಕಿತು. ಅದೇ ರೋಗಿಗಳನ್ನು ಐದು ವರ್ಷದವರೆಗೆ ನೋಡಿದಾಗ ಕಾರ್ನಿಯಾದ ಒಳಮೈಯ ಜೀವಕೋಶಗಳು ಸವೆಯುತ್ತಿರುವುದು ಕಂಡಿತು. ಆ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. 2018ರ ಆಗಸ್ಟಿನಲ್ಲಿ ಕಂಪನಿಯೇ ಅದನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡಿತು. ನಮ್ಮ ಸಾಫ್ಟ್‌ವೇರಿನಲ್ಲಿ ತಪ್ಪಿದರೆ ಹಳೆ ವರ್ಷನ್ನಿಗೆ ಹೋಗಬಹುದು. ಕಣ್ಣಿಗೆ ಹಳೆ ವರ್ಷನ್ ಎಲ್ಲಿಂದ ತರುವುದು? ಐದು ವರ್ಷದವರೆಗೂ ಬೆನ್ನು ಬಿಡದೆ ಲೆಕ್ಕ ಇಟ್ಟವರು ಇದ್ದದ್ದರಿಂದ ಇದು ಗೊತ್ತಾಯಿತು ಅನ್ನುವುದೇ ಸಮಾಧಾನ.

ಕುದುರೆ ಕೂದಲಿನಿಂದ ಇಲ್ಲಿಗೆ ನೂರು ವರ್ಷ ದಾಟಿತು. ಇಡೀ ಕಥೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಆ 135 ಚದರ ಮಿಲಿಮೀಟರಿನ ತಟ್ಟೆ. ಮೊಲ್ಟೆನೋ ಹೊಸ ಲೋಹವನ್ನೇನೂ ಕಂಡುಹಿಡಿಯಲಿಲ್ಲ. ನೀರು ಎಲ್ಲಿಂದ ಹೊರಡಬೇಕು ಅನ್ನುವುದನ್ನು ಬಿಟ್ಟು ಎಲ್ಲಿಗೆ ಹೋಗಬೇಕು ಅಂತ ಕೇಳಿದರು, ದೇಹದ ಜೊತೆ ಗುದ್ದಾಡುವ ಬದಲು ಅದು ಮಾಡುವ ಕೆಲಸಕ್ಕೇ ಒಂದು ಅಳತೆ ಕೊಟ್ಟರು. ಗಾಯ ಮಾಯುವುದನ್ನು ಪೂರ್ತಿ ಹತೋಟಿಗೆ ತರಲು ಇವತ್ತಿಗೂ ಆಗಿಲ್ಲ, ಸೋಲಿನ ಅಂಕಿಗಳು ಹೇಳುತ್ತಿರುವುದೂ ಅದನ್ನೇ. ಮುಂದಿನ ದೊಡ್ಡ ಹೆಜ್ಜೆ ಬರುವುದಾದರೆ ಅಲ್ಲಿಂದಲೇ ಬರಬೇಕು.

ಕೊನೆಗೆ ಒಂದು ಮಾತು. ಈ ಕೊಳವೆ, ತಟ್ಟೆ, ವಾಲ್ವ್ ಯಾವುದೂ ಹೋದ ನೋಟವನ್ನು ತರುವುದಿಲ್ಲ, ಉಳಿದದ್ದನ್ನು ಕಾಯುತ್ತದೆ ಅಷ್ಟೇ. ಉಳಿದದ್ದು ಎಷ್ಟು ಅನ್ನುವುದು ಯಾವಾಗ ಗೊತ್ತಾಯಿತು ಅನ್ನುವುದರ ಮೇಲೆ ಇದೆ. ಈ ಖಾಯಿಲೆ ಮನೆತನದಲ್ಲಿ ಬರುವಂಥದ್ದು, ಅಪ್ಪ ಅಮ್ಮನಿಗೋ ಅಣ್ಣತಮ್ಮಂದಿರಿಗೋ ಇದ್ದರೆ ಅಪಾಯ ಹೆಚ್ಚು. ಮನೆಯಲ್ಲಿ 40 ದಾಟಿದವರನ್ನು ಕನ್ನಡಕದ ನಂಬರ್ ನೋಡಿಸಲು ಕರೆದುಕೊಂಡು ಹೋದಾಗ ಕಣ್ಣಿನ ಒತ್ತಡವನ್ನೂ, ಕಣ್ಣಿನ ಹಿಂದಿನ ನರವನ್ನೂ ನೋಡಿ ಅಂತ ಕಣ್ಣಿನ ಡಾಕ್ಟರಿಗೆ ಬಾಯಿಬಿಟ್ಟು ಕೇಳಿ. ಐದು ಹತ್ತು ನಿಮಿಷದ ಕೆಲಸ, ನೋವೂ ಇಲ್ಲ. ಕೇಳುವುದಕ್ಕೆ ಸಂಕೋಚ ಬೇಡ.